ಪ್ರಾಸ್ಟೇಟ್ ಆಪರೇಷನ್ ಆದ ಮೇಲೆ ಪಿಎಸ್‌ಎ ನೋಡಲು ಎಂಥ ಡಾಕ್ಟರು ಬೇಕು?

ಪಿಎಸ್‌ಎ ಅಂದರೆ ಪ್ರಾಸ್ಟೇಟ್ ಗ್ರಂಥಿಯಿಂದ ರಕ್ತಕ್ಕೆ ಬರುವ ಒಂದು ಪ್ರೋಟೀನ್. ಅದರ ರಿಪೋರ್ಟಿನ ಬಲಗಡೆ ಸಣ್ಣ ಅಕ್ಷರದಲ್ಲಿ ‘0–4 ನಾರ್ಮಲ್’ ಎಂದು ಅಚ್ಚಾಗಿರುತ್ತದೆ. ಕ್ಯಾನ್ಸರಿಗಾಗಿ ಪ್ರಾಸ್ಟೇಟ್ ಪೂರ್ತಿ ತೆಗೆಸಿಕೊಂಡವರು ಆ ಸಾಲನ್ನು ಪೆನ್ನಿನಿಂದ ಹೊಡೆದು ಹಾಕಬಹುದು. ಅದು ಪ್ರಾಸ್ಟೇಟ್ ಇರುವವರ ಲೆಕ್ಕ. ನಮಗೆ ಅದೇ ಇಲ್ಲವಲ್ಲ! ಆಪರೇಷನ್ ಆಗಿ ಒಂದೆರಡು ತಿಂಗಳಲ್ಲಿ ನಮ್ಮ ಅಂಕಿ 0.1ಕ್ಕಿಂತ ಕೆಳಗೆ ಇಳಿಯಬೇಕು. ಮುಂದೆ ಎಂದಾದರೂ 0.2 ಮುಟ್ಟಿ, ಇನ್ನೊಮ್ಮೆ ಮಾಡಿಸಿದಾಗಲೂ ಹಾಗೇ ಬಂದರೆ, ಕಾಯಿಲೆ ಮರಳಿರಬಹುದು ಎಂದು ಡಾಕ್ಟರುಗಳು ಲೆಕ್ಕ ಹಾಕುತ್ತಾರೆ.

ಇದು ಗೊತ್ತಿರುವ ಡಾಕ್ಟರನ್ನೇ ನೀವು ಹುಡುಕಬೇಕಾದದ್ದು. ಸುಲಭ ಅನಿಸುತ್ತದೆ, ಅಲ್ವಾ? ನಾನು ತಿಪಟೂರಿನವನು, ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆದು ತಲೆ ನೆರೆತವನು. ಆಪರೇಷನ್ ಆದದ್ದು ಬೆಂಗಳೂರಿನಲ್ಲಿ. ಊರಿಗೆ ಬಂದ ಮೇಲೆ ಒಬ್ಬ ಡಾಕ್ಟರಿಗೆ ಸುಮ್ನೆ ಒಂದು ಪ್ರಶ್ನೆ ಹಾಕಿದೆ: ‘ನನಗೆ 0.3 ಬಂದರೆ ಏನ್ಮಾಡ್ತೀರಿ ಸಾರ್?’ ‘ನಾಲ್ಕರೊಳಗೆ ಇದ್ದರೆ ಚಿಂತೆ ಬೇಡ’ ಅಂದರು. ಒಳ್ಳೆಯ ಮನುಷ್ಯ, ಜ್ವರ ಕೆಮ್ಮಿಗೆ ಇವತ್ತಿಗೂ ಅವರ ಹತ್ತಿರವೇ ಹೋಗುತ್ತೇನೆ. ಪಿಎಸ್‌ಎ ರಿಪೋರ್ಟ್ ಮಾತ್ರ ಬೇರೆಯವರಿಗೆ ತೋರಿಸುತ್ತೇನೆ. ನೀವೂ ಹೊಸ ಡಾಕ್ಟರಿಗೆ ಮೊದಲು ಈ ಪ್ರಶ್ನೆಯನ್ನೇ ಕೇಳಿ. 0.2ರ ಮಾತು, ಇನ್ನೊಮ್ಮೆ ಮಾಡಿಸಿ ಖಚಿತ ಮಾಡಿಕೊಳ್ಳುವ ಮಾತು ತಾವಾಗಿಯೇ ಎತ್ತಿದರೆ ಅವರ ಹತ್ತಿರ ಕೂತು ಮಾತಾಡಬಹುದು.

ಯಾರ ಹತ್ತಿರ ಹೋಗಬೇಕು? ಆಪರೇಷನ್ ಮಾಡಿದ ಸರ್ಜನ್ನೇ ಸಿಕ್ಕರೆ ಬೇರೆ ಯೋಚನೆ ಬೇಡ. ದೂರವಾದರೆ ಹತ್ತಿರದ ಯೂರಾಲಜಿಸ್ಟ್, ಅಂದರೆ ಮೂತ್ರದ ಕಾಯಿಲೆಗಳ ಸರ್ಜನ್. ಬೋರ್ಡಿನಲ್ಲಿ ಹೆಸರಿನ ಮುಂದೆ ಎಂಸಿಎಚ್ ಅಥವಾ ಡಿಎನ್‌ಬಿ ಯೂರಾಲಜಿ ಅಂತ ಇದೆಯಾ ನೋಡಿ. ಕಿಡ್ನಿ ಕಲ್ಲಿನ ಕೆಲಸವೇ ಜಾಸ್ತಿ ಮಾಡುವವರೂ ಇರುತ್ತಾರೆ, ಹಾಗಾಗಿ ಪ್ರಾಸ್ಟೇಟ್ ಕ್ಯಾನ್ಸರಿನವರನ್ನು ನೋಡುತ್ತಾರಾ ಎಂದು ರಿಸೆಪ್ಷನ್ನಿನಲ್ಲೇ ಕೇಳಿಬಿಡಿ. ಜಿಲ್ಲಾ ಕೇಂದ್ರದ ಮೆಡಿಕಲ್ ಕಾಲೇಜಿಗೆ ಹೋಗುವುದಾದರೆ ಯೂರಾಲಜಿ ಓಪಿಡಿ ಇದೆಯಾ, ಯಾವ ದಿನ ಅಂತ ಮೊದಲೇ ಫೋನ್ ಮಾಡಿ. ಸರ್ಕಾರಿ ಆಸ್ಪತ್ರೆಯೇ ಆಗಬೇಕೆಂದರೆ ಬೆಂಗಳೂರಿನಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ, ವಿಕ್ಟೋರಿಯಾ ಆವರಣದಲ್ಲಿ ನೆಫ್ರೋ ಯೂರಾಲಜಿ ಸಂಸ್ಥೆ ಇದೆ. ಆಯುಷ್ಮಾನ್ ಕಾರ್ಡ್ ಇರುವವರು ಫಾಲೋಅಪ್‌ಗೆ ಅದು ನಡೆಯುತ್ತಾ ಎಂದು ಅಲ್ಲಿನ ಆರೋಗ್ಯಮಿತ್ರರನ್ನು ಕೇಳಬೇಕು.

ನನ್ನ ಏರ್ಪಾಡು ಹೀಗಿದೆ. ರಕ್ತ ಕೊಡುವುದು ಊರಿನಲ್ಲೇ. ರಿಪೋರ್ಟ್ ಯೂರಾಲಜಿಸ್ಟರ ಫೋನಿಗೆ ಹೋಗುತ್ತದೆ. ಅಂಕಿ ಅಲುಗಾಡದಿದ್ದರೆ ವರ್ಷಕ್ಕೊಮ್ಮೆ ಮುಖ ತೋರಿಸಿದರೆ ಸಾಕು ಅಂದಿದ್ದಾರೆ. ಎಲ್ಲರೂ ಇದಕ್ಕೆ ಒಪ್ಪುವುದಿಲ್ಲ, ಮೊದಲ ಭೇಟಿಯಲ್ಲೇ ಮಾತಾಡಿಕೊಳ್ಳಿ. ಸಾಮಾನ್ಯವಾಗಿ ಮೊದಲೆರಡು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ಪಿಎಸ್‌ಎ ಬರೆಯುತ್ತಾರೆ, ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಅಂಕಿ ಕೆಳಗೇ ಇದ್ದು, ಮೈಯಲ್ಲಿ ಏನೂ ತೊಂದರೆ ಇಲ್ಲದಿದ್ದರೂ ಪ್ರತಿ ಸಲ ಸ್ಕ್ಯಾನ್ ಬರೆದರೆ ‘ಯಾಕೆ ಸಾರ್?’ ಅಂತ ಕೇಳುವುದರಲ್ಲಿ ತಪ್ಪಿಲ್ಲ.

ಲ್ಯಾಬ್ ಒಂದೇ ಇರಲಿ. ಒಂದು ಲೋಡ್ ಕೊಬ್ಬರಿಯನ್ನು ಎರಡು ತಕ್ಕಡಿಯಲ್ಲಿ ತೂಗಿದರೆ ಜಗಳ ಗ್ಯಾರಂಟಿ. ಲ್ಯಾಬುಗಳ ಯಂತ್ರಗಳೂ ಹಾಗೇ, 0.05 ಮತ್ತು 0.08ರ ನಡುವಿನ ವ್ಯತ್ಯಾಸ ಯಂತ್ರದ್ದೋ ಮೈಯದ್ದೋ ಎಂದು ತಿಳಿಯದೆ ನಿದ್ದೆಗೆಡಬೇಕಾಗುತ್ತದೆ. ಕೆಲವು ಲ್ಯಾಬುಗಳು ‘0.1ಕ್ಕಿಂತ ಕಡಿಮೆ’ ಎಂದಷ್ಟೇ ಬರೆದು ನಿಲ್ಲಿಸುತ್ತವೆ, ಕೆಲವು ಇನ್ನೂ ಕೆಳಗಿನ ಅಂಕಿಯನ್ನೂ ಕೊಡುತ್ತವೆ. ಯಾವುದು ಬೇಕೆಂದು ಡಾಕ್ಟರೇ ಹೇಳಲಿ. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಹೇಳಿ, ಕೆಲವು ಯಂತ್ರಗಳಲ್ಲಿ ಅದು ಅಂಕಿಯನ್ನು ಏರುಪೇರು ಮಾಡುತ್ತದೆ.

ಹೋಗುವಾಗ ಡಿಸ್ಚಾರ್ಜ್ ಸಮ್ಮರಿ ಸಾಲದು. ಮುಖ್ಯವಾದದ್ದು ತೆಗೆದ ಗ್ರಂಥಿಯ ಬಯಾಪ್ಸಿ ರಿಪೋರ್ಟ್. ಗ್ಲೀಸನ್ ಸ್ಕೋರ್ (ಕ್ಯಾನ್ಸರ್ ಎಷ್ಟು ಉಗ್ರ ಎಂದು ಹೇಳುವ ಅಂಕಿ) ಎಷ್ಟು, ಅಂಚಿನಲ್ಲಿ ಕ್ಯಾನ್ಸರ್ ಉಳಿದಿತ್ತಾ, ಗ್ರಂಥಿಯ ಹೊರಗೆ ಹರಡಿತ್ತಾ ಎಂಬುದೆಲ್ಲ ಅದರಲ್ಲಿದೆ. ಅದನ್ನು ಕೇಳಿ ಓದಿ ನೋಡುವ ಡಾಕ್ಟರು ಸಿಕ್ಕರೆ ಬಿಡಬೇಡಿ. ಜೊತೆಗೆ ಒಂದು ಹಾಳೆಯಲ್ಲಿ ತಾರೀಖು, ಪಿಎಸ್‌ಎ, ಲ್ಯಾಬಿನ ಹೆಸರು ಎಂದು ಮೂರು ಕಾಲಂ. ನನಗೆ ಇದು ಚಟ, ನಿಮಗೆ ಬೇಜಾರಾದರೆ ಮಗಳ ಕೈಲಿ ಬರೆಸಿ.

ಉಚ್ಚೆ ಸೋರುವುದು, ಧಾರೆ ಸಣ್ಣಗಾಗುವುದು, ಹೆಂಡತಿಯ ಜೊತೆಗಿನ ಸಂಬಂಧ, ಇವನ್ನೆಲ್ಲ ನಮ್ಮ ಗಂಡಸರು ಬಾಯಿಬಿಟ್ಟು ಹೇಳುವುದಿಲ್ಲ. ಡಾಕ್ಟರೂ ಕೇಳದಿದ್ದರೆ ಅಲ್ಲಿಗೆ ಮುಗಿಯಿತು. ಸೋರುವುದಕ್ಕೆ ಉಚ್ಚೆ ತಡೆಯುವ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ಕೆಗೆಲ್ ವ್ಯಾಯಾಮ ಇದೆ, ಅದನ್ನು ಸರಿಯಾಗಿ ಹೇಳಿಕೊಡುವ ಫಿಸಿಯೋಥೆರಪಿಸ್ಟ್ ಇದ್ದಾರಾ ಎಂದು ಕೇಳಿ. ಧಾರೆ ದಿನೇ ದಿನೇ ಸಣ್ಣಗಾದರೆ ಒಳಗೆ ಗಾಯ ಕಟ್ಟಿ ದಾರಿ ಕಿರಿದಾಗಿರಬಹುದು, ಮುಂದಿನ ತಾರೀಖಿನವರೆಗೆ ಕಾಯಬೇಡಿ. ಇನ್ನೊಂದು ಮಾತು: ಎದೆನೋವಿಗೆ ಸಾರ್ಬಿಟ್ರೇಟಿನಂಥ ಮಾತ್ರೆ ತೆಗೆದುಕೊಳ್ಳುವವರು ವಯಾಗ್ರದಂಥದ್ದನ್ನು ಅಂಗಡಿಯಿಂದ ತಂದು ನುಂಗಬಾರದು. ಬಿಪಿ ಇಳಿದು ಜೀವಕ್ಕೇ ಕುತ್ತು.

ಅಂಕಿ ಏರಿತು ಅನ್ನಿ. ಆಗ ಬೇಕಾಗುವುದು ರೇಡಿಯೇಷನ್ ಡಾಕ್ಟರು. ಪಿಎಸ್‌ಎ ಇನ್ನೂ ಕಡಿಮೆ ಇರುವಾಗಲೇ, ಅಂದರೆ 0.5 ಮುಟ್ಟುವ ಮೊದಲೇ ಕೊಟ್ಟರೆ ರೇಡಿಯೇಷನ್ ಹೆಚ್ಚು ಫಲ ಕೊಡುತ್ತದೆ. ಅದಕ್ಕೇ ಮೊದಲ ಭೇಟಿಯಲ್ಲೇ ಯೂರಾಲಜಿಸ್ಟರನ್ನು ಕೇಳಿ: ‘ಏರಿದರೆ ಯಾರ ಹತ್ತಿರ ಕಳಿಸ್ತೀರಿ? ಪಿಎಸ್‌ಎಂಎ ಪೆಟ್ ಸ್ಕ್ಯಾನ್ ಎಲ್ಲಿ ಮಾಡಿಸೋದು?’ ಕಾಯಿಲೆ ಮೈಯಲ್ಲಿ ಎಲ್ಲಿ ಮರಳಿದೆ ಎಂದು ಹುಡುಕುವ ಸ್ಕ್ಯಾನ್ ಅದು. ಅವರು ಆಸ್ಪತ್ರೆ ಬದಲಿಸಲು ಹೇಳಿದರೆ ಹಳೆಯ ಆಸ್ಪತ್ರೆಯಿಂದ ಬಯಾಪ್ಸಿಯ ಸ್ಲೈಡ್ ಮತ್ತು ಬ್ಲಾಕ್ (ಮೇಣದಲ್ಲಿ ಕಾದಿಟ್ಟ ಗ್ರಂಥಿಯ ತುಣುಕು) ಬೇಕಾಗಬಹುದು. ಪ್ಯಾಥಾಲಜಿ ವಿಭಾಗದಲ್ಲಿ ಅರ್ಜಿ ಬರೆದುಕೊಡಬೇಕು. ನೀವು ಹೋಗಲಾಗದಿದ್ದರೆ ಹೋಗುವವರ ಕೈಯಲ್ಲಿ ನಿಮ್ಮ ಸಹಿ ಹಾಕಿದ ಪತ್ರ ಮತ್ತು ಇಬ್ಬರ ಆಧಾರ್ ಪ್ರತಿ ಕಳಿಸಿ.