ತಾಂತ್ರಿಕ ಗುಂಪಿನ ಚರ್ಚೆ ವೈಯಕ್ತಿಕ ಜಗಳವಾಗದಂತೆ ನಡೆಸುವ ಬಗೆ

ಕಂಪ್ಯೂಟರ್, ಮೊಬೈಲ್ ವಿಷಯಗಳಿಗಾಗಿ ವಾಟ್ಸ್‌ಆ್ಯಪ್ ಅಥವಾ ಟೆಲಿಗ್ರಾಂ ಗುಂಪು ನಡೆಸುವ ಅಡ್ಮಿನ್, ಬೈಗುಳಕ್ಕೂ ಮೊದಲೇ ಸಂಬೋಧನೆಯ ಮೇಲೆ ಕಣ್ಣಿಡಬೇಕು. ಕಲಬುರಗಿಯ ಮಾತಿನಲ್ಲಿ ಜಗಳದ ಗುರುತು ಕ್ರಿಯಾಪದದ ಕೊನೆಯಲ್ಲಿ ಸಿಗುತ್ತದೆ: ಅಲ್ಲಿಯವರೆಗೆ ‘ನೋಡ್ರಿ’ ಎನ್ನುತ್ತಿದ್ದವರು ‘ನೋಡಲೇ’ ಎಂದರೆ, ಚರ್ಚೆ ಸಾಫ್ಟ್‌ವೇರ್ ಬಿಟ್ಟು ಎದುರಿಗಿರುವವರ ಮೇಲೆ ತಿರುಗಿದೆ ಎಂದೇ ತಿಳಿಯಬೇಕು. ಗೆಳೆಯರ ನಡುವೆ ‘ಲೇ’ ಸಲಿಗೆಯ ಮಾತೂ ಆಗಿರುವುದರಿಂದ, ಅವರಿಬ್ಬರು ಮೊದಲಿನಿಂದ ಹೇಗೆ ಮಾತನಾಡುತ್ತಿದ್ದರು ಎಂಬುದು ಗೊತ್ತಿರಬೇಕು.

ನಮ್ಮ ಗುಂಪಿನಲ್ಲಿ ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಕಡೆ ಡಿಟಿಪಿ ಅಂಗಡಿ ಇಟ್ಟುಕೊಂಡವರೊಬ್ಬರು, ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ ಲಗ್ನಪತ್ರಿಕೆಯ ಮಜಕೂರು ಗಿರಾಕಿಯ ಮೊಬೈಲಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿದೆ ಎಂದು ಕೇಳಿದ್ದರು. ಹಳೆಯ ನುಡಿ ಫಾಂಟು ಕನ್ನಡ ಅಕ್ಷರಗಳ ತುಣುಕುಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕೂರಿಸಿರುತ್ತದೆ. ಆ ಫಾಂಟ್ ಇಲ್ಲದ ಕಡೆ ಅಡಿಯಲ್ಲಿರುವ ಇಂಗ್ಲಿಷ್ ಅಕ್ಷರಗಳೇ ಕಾಣುತ್ತವೆ. ಎಲ್ಲ ಮೊಬೈಲು, ಕಂಪ್ಯೂಟರುಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತವಾದ ಯೂನಿಕೋಡಿಗೆ ಪರಿವರ್ತಿಸಿ ಕಳಿಸಿದರೆ ಸರಿಹೋಗುತ್ತದೆ. ಇಷ್ಟು ಹೇಳಿದ್ದರೆ ಸಾಕಿತ್ತು. ಆದರೆ ಮೊದಲು ಬಂದ ಉತ್ತರ, ‘ಇನ್ನೂ ನುಡಿ ಹಿಡ್ಕೊಂಡು ಕುಂತೀಯೇನಲೇ?’ ಅದರ ಕೆಳಗೆ ನಗುವ ಮುಖಗಳ ಸಾಲು. ರಾತ್ರಿಯಾಗುವಷ್ಟರಲ್ಲಿ ಮಾತು ಅವರ ಅಂಗಡಿ, ಓದು, ಊರಿನವರೆಗೂ ಹೋಗಿತ್ತು. ತಾನಾಗಿಯೇ ತಣ್ಣಗಾದೀತೆಂದು ನಾನು ಸುಮ್ಮನಿದ್ದೆ. ಅವರು ಉತ್ತರ ಸಿಗದೆಯೇ ಗುಂಪು ಬಿಟ್ಟರು. ಆ ನೋವು ನನಗೆ ಇಂದಿಗೂ ಇದೆ.

ಆದ್ದರಿಂದ ಸದಸ್ಯರು ಕೇಳಿದ ಪ್ರಶ್ನೆಗೆ ಅಡ್ಮಿನ್ ಮೊದಲು ಉತ್ತರ ಬರೆಯಬೇಕು ಅಥವಾ ಬಲ್ಲವರಿಂದ ಬರೆಸಬೇಕು. ಹಂಗಿಸಿದವರಿಗೆ ಗುಂಪಿನಲ್ಲಿ ಬುದ್ಧಿ ಹೇಳದೆ, ಯಾವ ಸಾಲು ತಪ್ಪಾಯಿತೆಂಬುದನ್ನು ತೋರಿಸಿ ಅವರೊಬ್ಬರಿಗೇ ಬರೆಯಬೇಕು, ಏಕೆಂದರೆ ನಾಲ್ಕು ಜನರ ಎದುರು ಮುಖಭಂಗವಾದವರು ತಪ್ಪು ಗೊತ್ತಿದ್ದರೂ ಹಟ ಬಿಡುವುದಿಲ್ಲ. ಇಬ್ಬರೂ ಕಲಬುರಗಿಯಲ್ಲೇ ಇದ್ದರೆ ಸಂಜೆ ಅಪ್ಪನ ಕೆರೆಯ ದಂಡೆಗೆ ಕರೆದು ಚಹಾ ಕುಡಿಸುವುದು ನೂರು ಸಂದೇಶಗಳಿಗಿಂತ ಮೇಲು. ಒಬ್ಬರು ಬೆಂಗಳೂರಿನಲ್ಲಿದ್ದರೆ ಫೋನ್ ಮಾಡಿಸಬೇಕು.

ಸಿಟ್ಟಿಗೆದ್ದವರು ಬೇರೆ, ಬರೀ ಕಾಲೆಳೆಯಲು ಬಂದವರು ಬೇರೆ. ಆವೃತ್ತಿ ಯಾವುದು, ಎರರ್ ಸಂದೇಶ ಏನು, ಏನು ಮಾಡಿದಾಗ ಹಾಗಾಯಿತು ಎಂದು ಕೇಳಿದರೆ, ಸಿಟ್ಟಿಗೆದ್ದವರು ಗೊಣಗುತ್ತಲೇ ವಿವರ ಕೊಡುತ್ತಾರೆ. ಕಾಲೆಳೆಯುವವರು ಮತ್ತೊಬ್ಬರನ್ನು ಕೆಣಕಲು ಹೋಗುತ್ತಾರೆ. ಅಂಥವರಿಗೆ ಯಾರೂ ಉತ್ತರಿಸಬಾರದು.

ಬಿಸಿ ಏರಿದರೆ ವಾಟ್ಸ್‌ಆ್ಯಪ್‌ನಲ್ಲಿ ಅಡ್ಮಿನ್‌ಗಳು ಮಾತ್ರ ಸಂದೇಶ ಕಳಿಸುವಂತೆ ಬೆಳಗಿನವರೆಗೆ ಬದಲಿಸಬಹುದು. ಟೆಲಿಗ್ರಾಂನ ಸ್ಲೋ ಮೋಡ್‌ನಲ್ಲಿ ಒಬ್ಬರ ಎರಡು ಸಂದೇಶಗಳ ನಡುವೆ 1 ಗಂಟೆಯವರೆಗೂ ಅಂತರ ಇಡಬಹುದು. ಸಂದೇಶ ಅಳಿಸುವ ಮುನ್ನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಬೇಕು. ಬೆದರಿಕೆ ಬಂದರೆ, ಖಾಸಗಿ ಫೋಟೊ ಹಂಚಿದರೆ ರಾಜಿ ಮಾಡಿಸಲು ಹೋಗದೆ, ನೊಂದವರ ಜೊತೆಗೆ ನಿಂತು ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಪೊಲೀಸ್ ಠಾಣೆಗೆ (ಸೆನ್) ದೂರು ಕೊಡಿಸಬೇಕು.

ಉಳಿದ ಪ್ರಕರಣಗಳಲ್ಲಿ ಯಾರನ್ನಾದರೂ ಹೊರಗೆ ಹಾಕಲೇಬೇಕಾದರೆ ಎಷ್ಟು ದಿನಕ್ಕೆ ಎಂದು ತಿಳಿಸಿ ಹಾಕಬೇಕು, ಅವಧಿ ಮುಗಿದ ದಿನ ತಾವೇ ಫೋನ್ ಮಾಡಿ ಕರೆಯಬೇಕು, ಮತ್ತು ಅವರು ಬಲ್ಲ ವಿಷಯದಲ್ಲಿ ಉತ್ತರ ಬಾರದೆ ಉಳಿದ ಪ್ರಶ್ನೆಯೊಂದನ್ನು ಅಂದೇ ಅವರ ಮುಂದಿಡಬೇಕು.