ಬೇರೆಯವರಿಗಾಗಿ ಪ್ರಾರ್ಥಿಸಲು ಮಾತು ಸಿಗದಿದ್ದರೆ

"ನಿಮಗಾಗಿ ಪ್ರಾರ್ಥನೆ ಮಾಡ್ತೀನಿ" ಅಂತ ಹೇಳಿ ಮರೆಯುವುದು ಸುಲಭ, ಅಲ್ವಾ? ಹೇಳಿದ ಕೂಡಲೇ ಎರಡು ಮಾತು ಪ್ರಾರ್ಥಿಸಿಬಿಡಿ, ಫೋನಿನಲ್ಲಾದರೂ ಸರಿ. ಏನಂತ ಪ್ರಾರ್ಥಿಸಬೇಕು ಎಂದು ಅವರನ್ನೇ ಕೇಳಿ. ಗುರುವಾರ ಆಪರೇಷನ್ ಇದ್ದರೆ "ಗುರುವಾರ" ಎಂದೇ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಸುಮ್ನೆ "ಎಲ್ಲರನ್ನೂ ಆಶೀರ್ವದಿಸು ಕರ್ತನೇ" ಅಂದರೆ ನಮ್ಮ ಮನಸ್ಸೇ ಅದರಲ್ಲಿ ನಿಲ್ಲುವುದಿಲ್ಲ.

ಮಾತು ಸಿಗದಾಗ ಬೈಬಲಿನಲ್ಲಿ ಕೊಲೊಸ್ಸೆಯವರಿಗೆ ಬರೆದ ಪತ್ರ ತೆಗೆಯಿರಿ. 1ನೇ ಅಧ್ಯಾಯ, 9ರಿಂದ 12ನೇ ವಚನ. ಅಪೊಸ್ತಲ ಪೌಲನು ಕೊಲೊಸ್ಸೆ ಪಟ್ಟಣದ ಕ್ರೈಸ್ತ ಸಭೆಯವರಿಗಾಗಿ ಮಾಡಿದ ಪ್ರಾರ್ಥನೆ ಅದು. "ನೀವು" ಎಂದಿರುವ ಕಡೆ ನಿಮ್ಮವರ ಹೆಸರು ಸೇರಿಸಿ, ಗಟ್ಟಿಯಾಗಿ ಓದಿ. ಅವನು ಕೇಳಿದ್ದು ದೇವರ ಚಿತ್ತದ ತಿಳಿವಳಿಕೆ, ಬಲ, ತಾಳ್ಮೆ. ನಾವೋ, ಕೆಲಸ ಮತ್ತು ಕಾಯಿಲೆ ದಾಟಿ ಮುಂದೆ ಹೋಗುವುದೇ ಕಡಿಮೆ.

ಇನ್ನೊಂದು, ಯಾರದೋ ಮನೆಯ ಗುಟ್ಟನ್ನು "ಪ್ರಾರ್ಥನೆಯ ವಿಷಯ" ಅಂತ ಅವರನ್ನು ಕೇಳದೆ ಗ್ರೂಪಿಗೆ ಹಾಕಬೇಡಿ.