ಮಗುವಿಗೆ ಭೇದಿಯೇ? ಓಆರ್‌ಎಸ್ ಕಲಸುವಾಗ ಅಳತೆ ತಪ್ಪಬೇಡಿ

ಮುಂಬೈಯಲ್ಲಿ ಮಳೆ ಹಿಡಿಯಿತೆಂದರೆ ಚಾಳುಗಳಲ್ಲಿ ನಲ್ಲಿಯ ನೀರಿಗೆ ಗಟಾರದ ನೀರು ಸೇರುವುದುಂಟು. ಎಳೆಮಕ್ಕಳಿಗೆ ವಾಂತಿಭೇದಿ ಹತ್ತುವುದು ಆಗಲೇ. ಜೀವಕ್ಕೆ ಕುತ್ತು ತರುವುದು ಮೈಯಿಂದ ಹೋಗುವ ನೀರು ಮತ್ತು ಉಪ್ಪು. ಅದನ್ನು ಮೊದಲ ಗಂಟೆಯಿಂದಲೇ ತುಂಬಿಕೊಡಬೇಕು. ಅದಕ್ಕೇ ಓಆರ್‌ಎಸ್, ಅಂದರೆ ನೀರಿನಲ್ಲಿ ಕಲಸಿ ಕುಡಿಸುವ ಉಪ್ಪು-ಗ್ಲೂಕೋಸ್ ಪುಡಿ.

ಮೊದಲು ಪೊಟ್ಟಣದ ಮೇಲೆ ಬರೆದದ್ದನ್ನು ಓದಿ. ಸುಮಾರು 21 ಗ್ರಾಂನ ದೊಡ್ಡ ಪೊಟ್ಟಣಕ್ಕೆ 1 ಲೀಟರ್ ನೀರು, 200 ಮಿ.ಲೀ. ನೀರಿಗೆಂದೇ ಬರುವ ಚಿಕ್ಕ ಪೊಟ್ಟಣವೂ ಇದೆ. ಹೆಚ್ಚಿನ ತಪ್ಪು ಇಲ್ಲೇ ಆಗುವುದು. ದೊಡ್ಡ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದರೆ ರಕ್ತದಲ್ಲಿ ಉಪ್ಪಿನಂಶ ಏರಿ ಮಗುವಿಗೆ ಫಿಟ್ಸ್ ಬರಬಹುದು. ಅರ್ಧ ಪೊಟ್ಟಣ ಕಲಸಿ ಉಳಿದದ್ದನ್ನು ಮಡಚಿಡುವುದೂ ಬೇಡ, ಅಳತೆ ಕೆಡುತ್ತದೆ. ಅಳತೆಪಾತ್ರೆ ಇಲ್ಲದಿದ್ದರೆ ತೊಳೆದ 1 ಲೀಟರ್ ನೀರಿನ ಬಾಟಲಿ ಸಾಕು. ಕುದಿಸಿ ಆರಿಸಿದ ನೀರಿಗೆ ಇಡೀ ಪುಡಿ ಹಾಕಿ ಕಲಕಿ, ಮುಚ್ಚಿಡಿ. ಕಲಸಿದ ಮೇಲೆ ಮತ್ತೆ ಕುದಿಸಬೇಡಿ. ಸಕ್ಕರೆ, ಹಾಲು ಬೆರೆಸಬೇಡಿ. 24 ಗಂಟೆ ಕಳೆದರೆ ಚೆಲ್ಲಿ. ಅಂಗಡಿಯ ಸಿಹಿ ಟೆಟ್ರಾಪ್ಯಾಕ್ ಪಾನೀಯ ಇದಕ್ಕೆ ಬದಲಿಯಲ್ಲ: ಸಕ್ಕರೆ ಹೆಚ್ಚಾದರೆ ಕರುಳು ಇನ್ನಷ್ಟು ನೀರೆಳೆದು ಭೇದಿ ಜೋರಾಗುತ್ತದೆ.

ಪ್ರತಿ ಸಲ ನೀರಾಗಿ ಭೇದಿಯಾದ ಮೇಲೆ 2 ವರ್ಷದೊಳಗಿನ ಮಗುವಿಗೆ 50ರಿಂದ 100 ಮಿ.ಲೀ., 2ರಿಂದ 5 ವರ್ಷದವರಿಗೆ 100ರಿಂದ 200 ಮಿ.ಲೀ. ಬಾಟಲಿಯಲ್ಲಿ ಬೇಡ, ಚಮಚದಲ್ಲಿ ಕುಡಿಸಿ. ವಾಂತಿಯಾದರೆ 10 ನಿಮಿಷ ಬಿಟ್ಟು, ಎರಡು ಮೂರು ನಿಮಿಷಕ್ಕೊಂದು ಚಮಚದಂತೆ ಮತ್ತೆ ಶುರುಮಾಡಿ. ಎದೆಹಾಲು ನಿಲ್ಲಿಸಲೇಬೇಡಿ. ಊಟ ಮಾಡುವ ಮಗುವಿಗೆ ಮೆತ್ತಗಿನ ಮೊಸರನ್ನ, ಬೇಳೆ ಕಿಚಡಿ, ಬಾಳೆಹಣ್ಣು ಕೊಡಿ. ಹೊಟ್ಟೆ ಖಾಲಿ ಬಿಟ್ಟರೆ ಚೇತರಿಕೆ ತಡವಾಗುತ್ತದೆ.

ಜೊತೆಗೆ ಸತುವಿನ ಮಾತ್ರೆ, ಅಂದರೆ ಜಿಂಕ್. 2ರಿಂದ 6 ತಿಂಗಳ ಮಗುವಿಗೆ ದಿನಕ್ಕೆ 10 ಮಿ.ಗ್ರಾಂ., ಅಂದರೆ 20ರ ಮಾತ್ರೆಯಲ್ಲಿ ಅರ್ಧ. 6 ತಿಂಗಳಿಂದ 5 ವರ್ಷದವರೆಗೆ 20 ಮಿ.ಗ್ರಾಂ. ಚಮಚದಲ್ಲಿ ಎದೆಹಾಲು ಅಥವಾ ನೀರಿನೊಡನೆ ಕರಗಿಸಿ ಕುಡಿಸಿ. ಮೂರನೇ ದಿನ ಭೇದಿ ನಿಂತರೂ 14 ದಿನ ಮುಗಿಸಲೇಬೇಕು. ಮುಂದಿನ ಎರಡು ಮೂರು ತಿಂಗಳು ಭೇದಿ ಮರುಕಳಿಸದಂತೆ ತಡೆಯುವುದು ಈ ಪೂರ್ತಿ ಕೋರ್ಸೇ. ಭೇದಿ ಕಟ್ಟುವ ಮಾತ್ರೆ ಕೊಡಲೇಬೇಡಿ. ಡಾಕ್ಟರು ಬರೆಯದೆ ಆ್ಯಂಟಿಬಯಾಟಿಕ್ಕೂ ಬೇಡ.

“ಹಲ್ಲು ಬರುವಾಗ ಹೀಗೇ” ಎಂದು ಹಿರಿಯರು ಸಮಾಧಾನ ಹೇಳಿದರೂ ಕಾಯಬೇಡಿ. ನೆತ್ತಿ ಬಿದ್ದಿದೆಯೆಂದು ಎಣ್ಣೆ ಒತ್ತುತ್ತಾ ಕೂರುವುದೂ ಅಪಾಯ, ಏಕೆಂದರೆ ನೆತ್ತಿ ಕುಳಿ ಬೀಳುವುದು ಮೈನೀರು ಬತ್ತಿದ ಗುರುತು. ಕಣ್ಣು ಒಳಸೇರಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ನಿಧಾನ ಸರಿಹೋದರೆ, ಆರು ಗಂಟೆ ಉಚ್ಚೆ ಮಾಡದಿದ್ದರೆ, ಮಗು ಜೋಲು ಬಿದ್ದು ಕುಡಿಯದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಅಥವಾ ಮಗುವಿಗೆ 2 ತಿಂಗಳೂ ತುಂಬಿರದಿದ್ದರೆ ತಕ್ಷಣ 108ಕ್ಕೆ ಕರೆಮಾಡಿ ಇಲ್ಲವೇ ಪರೇಲಿನ ವಾಡಿಯಾ, ಸಯನ್, ಕೆಇಎಂ ಆಸ್ಪತ್ರೆಗಳಲ್ಲಿ ಹತ್ತಿರದ್ದಕ್ಕೆ ಒಯ್ಯಿರಿ. ಊರಿಂದ ಹೊಸದಾಗಿ ಬಂದವರಿಗೆ ಎರಡು ಮರಾಠಿ ಮಾತು ಗೊತ್ತಿರಲಿ: ಭೇದಿಗೆ ‘ಜುಲಾಬ್’, ವಾಂತಿಗೆ ‘ಉಲ್ಟಿ’. ಎಷ್ಟು ಸಲ, ಎಷ್ಟು ಹೊತ್ತಿನಿಂದ ಎಂಬುದನ್ನು ಬರೆದುಕೊಂಡು ಹೋಗಿ. ದಾರಿಯಲ್ಲೂ ಎಚ್ಚರವಿರುವ ಮಗುವಿಗೆ ಚಮಚದಲ್ಲಿ ಓಆರ್‌ಎಸ್ ಹಾಕುತ್ತಲೇ ಇರಿ.